ಕಣ್ಣು ಹೊಡೆಯುವ ಬೆಕ್ಕು

ಶೀಲಾ ನಗುತ್ತಲೇ ಇದ್ದಳು. ಬಾಗಲಕೋಟೆಯ ನವನಗರದಲ್ಲಿ ತನ್ನ ಮನೆಯ ಮಹಡಿಯ ಮೇಲೆ ಮಕ್ಕಳ ವಾಚನಾಲಯ ನಡೆಸುತ್ತಿದ್ದ ಅವಳು ಅಂದು ಬೆಳಗಿನ ಬಸ್ಸಿಗೆ ಬಾದಾಮಿಗೆ ಬಂದಿದ್ದಳು. ಸತ್ಯಬೋಧ ಮಾಸ್ತರರ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಅವರು ಮೂವತ್ತು ವರ್ಷಗಳಲ್ಲಿ ಬರೆದ ಬೆಕ್ಕಿನ ಚಿತ್ರಗಳನ್ನೆಲ್ಲ ಹರವಿಕೊಂಡು, ಒಂದೊಂದನ್ನೇ ಎತ್ತಿ ಹಿಡಿದು, "ಅಯ್ಯ, ಇದರ ಮಾರಿ ನೋಡ್ರಿ!" ಎಂದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ನಗು ಬರುವಂಥ ಚಿತ್ರಗಳೇ ಅವು. ಒರಳಿನ ಮೇಲೆ ನಾಲ್ಕೂ ಕಾಲು ಕೂಡಿಸಿ ನಿಂತು, ಬಾಲವನ್ನು ಬಾಟಲಿ ತೊಳೆಯುವ ಬ್ರಶ್ಶಿನ ಹಾಗೆ ಉಬ್ಬಿಸಿಕೊಂಡ ಬೆಕ್ಕು. ಗಡಿಗೆಯ ಹಿಂದೆ ಅಡಗಿ ಎರಡು ಕಿವಿ ಮಾತ್ರ ತೋರಿಸುವ ಬೆಕ್ಕು. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು, ಬಾಯಿ ಸೊಟ್ಟ ಮಾಡಿದ ಬೆಕ್ಕು. ಈ ಕೊನೆಯದು ಹಿಂದೆ ಮಕ್ಕಳ ಮಾಸಪತ್ರಿಕೆಯೊಂದರ ಮುಖಪುಟದಲ್ಲಿ ಬಂದಾಗಿನಿಂದ 'ಕಣ್ಣು ಹೊಡೆಯುವ ಬೆಕ್ಕು' ಅಂತಲೇ ಹೆಸರಾಗಿತ್ತು. ಈಗ ಮಾಸ್ತರರ ಬೆಕ್ಕುಗಳದ್ದೇ ಒಂದು ಪುಸ್ತಕ ಅಚ್ಚಾಗಿ ಬಂದಿತ್ತು. ಅದರ ಹೊದಿಕೆಯ ಮೇಲೂ ಅದೇ ಬೆಕ್ಕು. ಪುಸ್ತಕ ಬಿಡುಗಡೆಯ ದಿನ ತನ್ನ ವಾಚನಾಲಯದಲ್ಲಿ ಮೂಲಚಿತ್ರಗಳನ್ನೂ ತೂಗುಹಾಕಿ ಮಕ್ಕಳಿಗೆ ತೋರಿಸಬೇಕು ಎಂಬುದು ಶೀಲಾಳ ಆಸೆ.

"ಸರ್ರ, ಮನ್ಯಾಗ ಎಷ್ಟು ಬೆಕ್ಕು ಸಾಕಿದ್ರಿ?"

"ಒಂದೂ ಇಲ್ಲ," ಮಾಸ್ತರರು ಮೆತ್ತಗೆ ನಕ್ಕರು. "ಬೆಕ್ಕಿನ ಕೂದಲಾ ಬಣ್ಣಕ್ಕ ಹತ್ತತಾವ."

"ಹಂಗಾರ ಇಷ್ಟು ನಮೂನಿ ಮಾರಿ ಎಲ್ಲಿ ನೋಡಿದ್ರಿ?"

"ಎಲ್ಲಿಗೂ ಹೋಗಬೇಕಾಗಿಲ್ರಿ ಬಾಯಾರ. ಮನ್ಯಾಗ ಇರತಾವ ಎಲ್ಲಾ."

ಅಡುಗೆಮನೆಯ ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದ, ತವರಿಗೆ ಬಂದಿದ್ದ ಮಗಳು ತೃಪ್ತಿಯ ಕೈಯಲ್ಲಿ ಕಪ್ಪುಗಳು ಕಟಕಟ ಅಂದವು. ಅವಳ ಹಿಂದೆ ತಾಯಿ ಮಥುರಾಬಾಯಿ ಒಲೆಯ ಕಡೆ ಮುಖ ಮಾಡಿ ನಿಂತವಳು ತಿರುಗಿ ನೋಡಲಿಲ್ಲ.

ಹೋಗುವಾಗ ಶೀಲಾ ಮೂವತ್ತು ಚಿತ್ರಗಳನ್ನು ಆರಿಸಿ ಕಟ್ಟಿಕೊಂಡಳು. "ಒಂದು ಹೊಸಾದು ತಗದು ಕೊಡ್ರಿ ಸರ್ರ. ಬಿಡುಗಡಿ ದಿನಾ ನಡುವ ಹಚ್ಚೂಣು. ಮಕ್ಕಳು ಭಾಳ ಖುಷಿ ಪಡತಾವ," ಎಂದಳು. ಮಾಸ್ತರರು ತಮ್ಮ ಕೈಗಳನ್ನು ನೋಡಿಕೊಂಡು, "ಮೂರು ವರ್ಷ ಆತು ಬ್ರಶ್ ಹಿಡದು. ನೋಡೋಣು," ಎಂದರು.

ಒರಳಿನ ಮೇಲಿನ ಬೆಕ್ಕು ತೃಪ್ತಿ. ಆಗ ಅವಳಿಗೆ ಎಂಟು ವರ್ಷ. ಬಣ್ಣದ ನೀರಿನ ಲೋಟಕ್ಕೆ ಕಾಲು ತಾಗಿ ಅದು ಉರುಳಿತ್ತು, ಅಷ್ಟೇ.

ಸತ್ಯಬೋಧ ಮಾಸ್ತರರು ಜೋರಾಗಿ ಮಾತಾಡಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿದರು. ಒಬ್ಬ ಹುಡುಗನ ಕಿವಿಯನ್ನೂ ಹಿಂಡಿದವರಲ್ಲ. ಹೊಡೆಯುವುದೆಲ್ಲ ಮನೆಗೆ ಅಂತ ಇಟ್ಟುಕೊಂಡಿದ್ದರು. ಮೊದಲು ಹೋಗಿ ಬಾಗಿಲಿಗೆ ಚಿಲಕ ಹಾಕುತ್ತಿದ್ದರು. ಆ ಚಿಲಕದ ಸದ್ದಿಗೇ ತೃಪ್ತಿಗೆ ಉಚ್ಚೆ ಬಂದುಬಿಡುತ್ತಿತ್ತು. ಆಮೇಲೆ ಗೋಡೆಗೆ ಆನಿಸಿ ಇಟ್ಟಿದ್ದ ಮೂರು ಫೂಟಿನ ಸಾಗವಾನಿ ಪಟ್ಟಿ. ಸಾರಿಗೆ ಉಪ್ಪು ಹೆಚ್ಚಾದರೂ ಅದೇ, ಬ್ರಶ್ಶು ತೊಳೆಯದೆ ಇಟ್ಟರೂ ಅದೇ, ಯಾರೂ ಏನೂ ಮಾಡದಿದ್ದರೂ ಅದೇ. ಹೊಡೆಯುವಾಗ ಒಂದು ಮಾತೂ ಆಡುತ್ತಿರಲಿಲ್ಲ. ಉಸಿರಿನ ಸದ್ದು ಮಾತ್ರ.

ಅದೆಲ್ಲ ಮುಗಿದ ಮೇಲೆ ಅವರಿಗೆ ಒಂದು ನಮೂನೆಯ ಶಾಂತಿ ಬರುತ್ತಿತ್ತು. ಬಚ್ಚಲಿಗೆ ಹೋಗಿ ಕೈ-ಮುಖ ತೊಳೆದುಕೊಂಡು ಬಂದು, ಕಿಟಕಿಯ ಕೆಳಗೆ ಕಾಗದ ಹಾಸಿ ಕೂಡುತ್ತಿದ್ದರು. ಮೂಲೆಯಲ್ಲಿ ಮುದುಡಿದವರು ಏಳಲು ಹೋದರೆ ಪೆನ್ಸಿಲ್ಲು ಎತ್ತಿ ತಡೆಯುತ್ತಿದ್ದರು.

"ಅಳ್ಳಾಡಬ್ಯಾಡ. ಹಂಗ ಇರು. ಮಾರಿ ಛಂದ ಬಂದದ."

ಅಂದು ತೃಪ್ತಿ ಒರಳಿನ ಮೇಲೆ ಹತ್ತಿ ನಿಂತಿದ್ದಳು. ಪಟ್ಟಿ ಕಾಲಿಗೆ ಬೀಳುತ್ತಿತ್ತಲ್ಲ, ಅದಕ್ಕೆ. ಅಪ್ಪ ಒಂದು ತಾಸು ಅವಳನ್ನು ಇಳಿಯಗೊಡಲಿಲ್ಲ. ಮೀನಗಂಡದ ಬಾಸುಂಡೆಗಳ ಮೇಲೆ ನೊಣ ಕೂಡುತ್ತಿದ್ದವು. ಮುಂದಿನ ತಿಂಗಳು ಪತ್ರಿಕೆಯಲ್ಲಿ ಚಿತ್ರ ಬಂತು. ಸಾಲೆಯ ಗೆಳತಿಯರು ಅದನ್ನು ಅವಳ ಮುಖದ ಮುಂದೆ ಹಿಡಿದು, "ಏ, ನಿಮ್ಮಪ್ಪ ತಗದದ್ದು!" ಎಂದು ನಕ್ಕರು. ತೃಪ್ತಿಯೂ ನಕ್ಕಳು. ನಗದೆ ಇದ್ದರೆ ಯಾಕೆ ಅಂತ ಕೇಳುತ್ತಾರಲ್ಲ.

ಈಗ ಅವಳಿಗೆ ಮೂವತ್ತಾರು. ಕೆರೂರಿನ ಸಾಲೆಯಲ್ಲಿ ಶಿಕ್ಷಕಿ. ಗಂಡ ಮಿಲಿಂದ ಅಲ್ಲೇ ಬ್ಯಾಂಕಿನಲ್ಲಿ ನೌಕರ. ಒಂದನೇ ಇಯತ್ತೆಗೆ ಹೋಗುವ ಮಗಳು ಗೌತಮಿ. ಮಾವನವರು ಸ್ವಲ್ಪ ಸಿಟ್ಟಿನವರು ಎಂಬುದಷ್ಟೇ ಮಿಲಿಂದನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ತೃಪ್ತಿ ಹೇಳಿರಲಿಲ್ಲ.

ಬಿಡುಗಡೆಗೆ ಮೂರು ದಿನ ಇದ್ದಾಗ ತೃಪ್ತಿಗೆ ಬಾಗಲಕೋಟೆಯಲ್ಲಿ ಎರಡು ದಿನದ ತರಬೇತಿ ಬಂತು. ಮಿಲಿಂದನಿಗೆ ಆಡಿಟ್ಟು. ಗೌತಮಿಗೆ ಸಾಲೆಯ ಸೂಟಿ. "ಇಲ್ಲೇ ಬಿಡ," ಎಂದು ಮಥುರಾಬಾಯಿ ಫೋನಿನಲ್ಲಿ ಹೇಳಿದಳು. "ಈಗ ಮೊದಲಿನಂಗಿಲ್ಲ. ಭಾಳ ಶಾಂತ ಆಗ್ಯಾರ. ಕೈ ನಡಗತಾವ, ಚಹಾದ ಕಪ್ಪ ಹಿಡಿಲಿಕ್ಕೆ ಆಗೂದಿಲ್ಲ." ಎಪ್ಪತ್ತೊಂದು ವರ್ಷದ ಮುದುಕ. ಗೌತಮಿಗೋ ಅಜ್ಜನ ಬೆಕ್ಕುಗಳೆಂದರೆ ಜೀವ. ತೃಪ್ತಿ ಒಪ್ಪಿದಳು. ಒಪ್ಪಿದ್ದಕ್ಕೆ ಆಮೇಲೆ ತನ್ನನ್ನು ತಾನು ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

ಎರಡನೇ ದಿನ ತರಬೇತಿ ಮಧ್ಯಾಹ್ನಕ್ಕೇ ಮುಗಿಯಿತು. ತೃಪ್ತಿ ಸಿಕ್ಕ ಬಸ್ಸು ಹತ್ತಿ ಬಾದಾಮಿಗೆ ಬಂದಳು. ಮೂರು ಗಂಟೆಯ ಬಿಸಿಲು. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಯ ಬಾಗಿಲು ದೂಡಿದಳು. ತೆರೆಯಲಿಲ್ಲ. ಒಳಗಿನಿಂದ ಚಿಲಕ.

ತೃಪ್ತಿ ಕೂಗಲಿಲ್ಲ, ಬಡಿಯಲಿಲ್ಲ. ಮನೆ ಸುತ್ತಿ ಹಿತ್ತಲಿಗೆ ಓಡಿದಳು. ಹಿತ್ತಲ ಬಾಗಿಲನ್ನು ಚಿಲಕ ಹಾಕದೆ ಬರೀ ಮುಂದೆ ಮಾಡಿದ್ದರು.

ಅಡುಗೆಮನೆಯ ಗೋಡೆಗೆ ಆತು ಮಥುರಾಬಾಯಿ ನೆಲದ ಮೇಲೆ ಕೂತಿದ್ದಳು. ಸೆರಗನ್ನು ಮುದ್ದೆ ಮಾಡಿ ಹಣೆಗೆ ಒತ್ತಿಕೊಂಡಿದ್ದಳು. ಸೆರಗು ಅರ್ಧ ಕೆಂಪಾಗಿತ್ತು. ರಕ್ತ ಹುಬ್ಬಿನಿಂದ ಗದ್ದಕ್ಕೆ ಇಳಿದು, ಅಲ್ಲಿಂದ ಕುಪ್ಪಸದ ಮೇಲೆ ಹನಿಯುತ್ತಿತ್ತು.

"ಅಮ್ಮಾ! ಗೌತಮಿ ಎಲ್ಲಿ?"

ತಾಯಿಯ ಬಾಯಿಂದ ಪಿಸುಮಾತು ಬಂತು. "ಒಳಗ ಹೋಗಬ್ಯಾಡ. ಚಿತ್ರಾ ತಗಿಲಿಕ್ಕತ್ತಾರ."

ಪಡಸಾಲೆಯಲ್ಲಿ ಹರಿದು ಮುದ್ದೆ ಮಾಡಿದ ಕಾಗದಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ಹತ್ತು ದಿನದಿಂದ ಮಾಸ್ತರರು ಹೊಸ ಚಿತ್ರಕ್ಕೆ ಕೂತಿದ್ದರು, ಒಂದೂ ಕೂಡಿಬಂದಿರಲಿಲ್ಲ. ಈಗ ಕಿಟಕಿಯ ಕೆಳಗೆ ಕೂತು, ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದು, ಗೆರೆ ಎಳೆಯುತ್ತಿದ್ದರು. ಮುಖ ತೊಳೆದ ನೀರು ಇನ್ನೂ ಕಿವಿಯ ಹತ್ತಿರ ಇತ್ತು. ಎದುರಿಗೆ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಗೌತಮಿ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಮೊಣಕಾಲು ಗದ್ದಕ್ಕೆ ತಾಗಿಸಿ ಕೂತಿದ್ದಳು. ತೋಳಿನ ಮೇಲೆ ಪಟ್ಟಿಯ ಅಂಚು ಮೂಡಿಸಿದ ಗೀರುಗಳು ಉಬ್ಬಿ ನೀಲಿಯಾಗಿದ್ದವು. ತುಟಿ ಒಡೆದಿತ್ತು. ಅಳುತ್ತಿರಲಿಲ್ಲ. ತಾಯಿಯನ್ನು ಕಂಡೂ ಅಳ್ಳಾಡಲಿಲ್ಲ, ಕಣ್ಣುಗಳನ್ನಷ್ಟೇ ಹೊರಳಿಸಿದಳು.

"ಅಪ್ಪಾ..."

ಮಾಸ್ತರರು ತಲೆ ಎತ್ತದೆ ಹೇಳಿದರು. "ಗದ್ದಲ ಮಾಡಬ್ಯಾಡ. ಇನ್ನ ಕಿವಿ ಆಗಬೇಕು."

ತೃಪ್ತಿ ಮಗಳ ಕಡೆಗೆ ಎರಡು ಹೆಜ್ಜೆ ಇಟ್ಟಳು. ಮುದುಕ ಎದ್ದದ್ದು ಅವಳಿಗೆ ಕಾಣಲಿಲ್ಲ. ಪಟ್ಟಿ ಬೀಸಿದ ಗಾಳಿ ಮಾತ್ರ ಕೇಳಿಸಿತು. ಏಟು ಕುತ್ತಿಗೆಗೂ ಹೆಗಲಿಗೂ ನಡುವೆ ಬಿತ್ತು. ಎರಡನೆಯದು ಕಿವಿಯ ಮೇಲೆ. ತಲೆಯೊಳಗೆ ಗುಂಯ್ ಎಂದಿತು. ಎಂಬತ್ತು ಮಕ್ಕಳ ತರಗತಿಯನ್ನು ಒಂದು ಮಾತಿಗೆ ಸುಮ್ಮನಾಗಿಸುವ ಬಾಯಾರು, ಮೂವತ್ತಾರು ವರ್ಷದ ಹೆಂಗಸು, ತನಗೇ ತಿಳಿಯದಂತೆ ಮೂಲೆಗೆ ಸರಿದು, ಗೋಡೆಗೆ ಬೆನ್ನು ಹಚ್ಚಿ, ಮೊಣಕೈಯಿಂದ ಮುಖ ಮುಚ್ಚಿಕೊಂಡು ಕುಕ್ಕರಿಸಿದಳು. ಮೈಗೆ ಎಲ್ಲವೂ ನೆನಪಿತ್ತು.

ಮಾಸ್ತರರು ಏದುಸಿರು ಬಿಡುತ್ತ ನಿಂತರು. ಒಮ್ಮೆ ಮೊಮ್ಮಗಳನ್ನು, ಒಮ್ಮೆ ಮಗಳನ್ನು ನೋಡಿದರು. ಅವರ ಮುಖ ಅರಳಿತು.

"ಹಾಂ. ಹಂಗ ಇರು. ಎರಡೂ ಕೂಡೇ ತಗಿತೇನಿ."

ತೃಪ್ತಿ ಎದ್ದಳು.

ಪಟ್ಟಿಯನ್ನು ಹೇಗೆ ಕಸಿದುಕೊಂಡಳೋ, ಆಮೇಲೆ ಎಷ್ಟು ನೆನೆದರೂ ಅದು ನೆನಪಾಗಲಿಲ್ಲ. ಮೊದಲ ಏಟು ಮಾತ್ರ ನೆನಪಿತ್ತು. ಪಟ್ಟಿಯನ್ನು ಅಡ್ಡ ಹಿಡಿಯದೆ ಅಂಚಿನಿಂದಲೇ ಬೀಸಿದ್ದಳು. ಅದು ಬಲಗೈಯ ಮಣಿಕಟ್ಟಿಗೆ ಬಿದ್ದು ಲಟಕ್ಕೆಂದಿತು. ಮುದುಕ ಬಾಯಿ ತೆರೆದರು, ಸದ್ದು ಬರಲಿಲ್ಲ. ಎರಡನೆಯದು ಅದೇ ಕೈಗೆ. ಮೂರನೆಯದು ಹೆಗಲಿಗೆ. ಅವರು ಬಣ್ಣದ ಬಟ್ಟಲುಗಳ ಮೇಲೆ ಬಿದ್ದರು. ಕೆಂಪು, ಹಳದಿ, ಕಪ್ಪು ಎಲ್ಲ ಧೋತರಕ್ಕೆ ಬಳಿದುಕೊಂಡವು. ತೃಪ್ತಿ ಬಗ್ಗಿ ಬೆನ್ನಿಗೆ ಹೊಡೆದಳು, ತೊಡೆಗೆ ಹೊಡೆದಳು, ಕೈ ಅಡ್ಡ ತಂದರೆ ಕೈಗೆ ಹೊಡೆದಳು.

"ಅಳ್ಳಾಡಬ್ಯಾಡ! ಅಳ್ಳಾಡಬ್ಯಾಡ ಅಂದ್ನೆಲ್ಲ! ಈಗ ಹಂಗ ಇರು ನೀ!"

ಹುಟ್ಟಿದಾಗಿನಿಂದ ಅಪ್ಪನಿಗೆ 'ನೀವು' ಎಂದವಳು. ಬಾಯಿಂದ ಉಗುಳು ಹಾರುತ್ತಿತ್ತು. ಹೊಡೆತದಲ್ಲಿ ಒಂದು ಸುಖ ಇತ್ತು. ತೋಳಿನಿಂದ ಎದೆಗೆ ಇಳಿಯುವ ಬೆಚ್ಚಗಿನ ಸುಖ. ಇನ್ನೂ ಒಂದು, ಇನ್ನೂ ಒಂದು ಅನ್ನಿಸುತ್ತಿತ್ತು. ಮುದುಕನ ಮೂಗಿನಿಂದ ರಕ್ತ ಬಂದು ಬಣ್ಣದಲ್ಲಿ ಕೂಡಿಕೊಂಡಿತು.

ಹಿಂದಿನಿಂದ ಮಥುರಾಬಾಯಿ ಬಂದು ಅವಳ ನಡು ತೆಕ್ಕೆ ಹಿಡಿದಳು. "ಸಾಕು ತೃಪ್ತಿ! ಸಾಯ್ತಾರ! ಕೂಸು ನೋಡಲಿಕ್ಕತ್ತದ!"

ತೃಪ್ತಿ ತಿರುಗಿದಳು. ಗೌತಮಿ ಸ್ಟೂಲಿನಿಂದ ಇಳಿದು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಕಣ್ಣು ಅಗಲವಾಗಿ, ತುಟಿ ಹಿಂದಕ್ಕೆ ಎಳೆದುಕೊಂಡು, ಹೆಗಲು ಕಿವಿಯ ತನಕ ಏರಿಸಿಕೊಂಡು. ಆ ಮುಖ ತೃಪ್ತಿಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ಅದು ಅಜ್ಜನ ಕಡೆ ತಿರುಗಿರಲಿಲ್ಲ. ಅವಳ ಕಡೆ ತಿರುಗಿತ್ತು.

ಪಟ್ಟಿ ಕೈಯಿಂದ ಬಿತ್ತು.

ಪಕ್ಕದ ಮನೆಯ ರಂಗವ್ವ ಹಿತ್ತಲಿನಿಂದ ಓಡಿ ಬಂದಳು. ನಲವತ್ತು ವರ್ಷ ಆ ಗೋಡೆಯಾಚೆ ಇದ್ದವಳು. ಸದ್ದು ಕೇಳಿರಲಿಲ್ಲ ಅಂತಲ್ಲ, ಒಳಗೆ ಬಂದದ್ದು ಮಾತ್ರ ಅಂದೇ ಮೊದಲು. ಪಡಸಾಲೆ ನೋಡಿ, "ಶಿವನ!" ಎಂದು ಎದೆ ಬಡಿದುಕೊಂಡು, ಹೊರಗೆ ಹೋಗಿ ಅವಳೇ ಆಟೋ ಕರೆತಂದಳು.

ದವಾಖಾನೆಯಲ್ಲಿ ಡ್ಯೂಟಿಗೆ ಇದ್ದವಳು ಡಾಕ್ಟರ್ ಮುಬಶೀರಾ, ಸಣ್ಣ ವಯಸ್ಸಿನ ಹುಡುಗಿ. ಮಾಸ್ತರರ ಕೈ ನೋಡಿದಳು, ಮಥುರಾಬಾಯಿಯ ಹಣೆ ನೋಡಿದಳು, ಗೌತಮಿಯ ತೋಳು ನೋಡಿದಳು. ಒಂದೇ ಮನೆಯ ನಾಲ್ಕು ಜನ, ನಾಲ್ವರಿಗೂ ಪೆಟ್ಟು.

"ಏನಾತ್ರಿ ಅಜ್ಜಾರ?"

ಸತ್ಯಬೋಧ ಮಾಸ್ತರರು ನೋವಿನಲ್ಲೂ ಧ್ವನಿ ಮೆತ್ತಗೆ ಇಟ್ಟುಕೊಂಡು, "ಬಚ್ಚಲದಾಗ ಜಾರಿ ಬಿದ್ದೆವ್ವಾ. ಹಿಡಿಲಿಕ್ಕೆ ಹೋಗಿ ಇವರೂ ಬಿದ್ರು," ಎಂದರು.

ಅದು ಅಮ್ಮನ ಮಾತು. ಕೈ ಮುರಿದಾಗ, ಹಲ್ಲು ಬಿದ್ದಾಗ, ಇದೇ ದವಾಖಾನೆಯ ಬೇರೆ ಬೇರೆ ಡಾಕ್ಟರರ ಮುಂದೆ ಅಮ್ಮ ಒಪ್ಪಿಸಿದ್ದ ಮಾತು. ನಾಳಿದ್ದು ಪುಸ್ತಕ ಬಿಡುಗಡೆ. ಅಪ್ಪ ಯಾರ ಮೇಲೂ ಕಂಪ್ಲೇಂಟು ಕೊಡುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಸುಮ್ಮನಿದ್ದರೆ ಎಲ್ಲ ಮುಚ್ಚಿಹೋಗುತ್ತದೆ, ತಾನು ಮಾಡಿದ್ದೂ ಸೇರಿ. ಅವಳು ಸುಮ್ಮನಿದ್ದಳು.

ಮಥುರಾಬಾಯಿ ಬೆಂಚಿನಿಂದ ಎದ್ದಳು. ಹಣೆಗೆ ಇನ್ನೂ ಹೊಲಿಗೆ ಹಾಕಿರಲಿಲ್ಲ.

"ಸುಳ್ಳ ಅದು. ಯಾರೂ ಜಾರಿಲ್ಲ," ಎಂದಳು. "ಇವರು ಕೂಸಿಗೆ ಹೊಡದ್ರು. ನಾ ಬಿಡಸಲಿಕ್ಕೆ ಹೋದೆ, ನನಗ ಹೊಡದ್ರು. ಮಗಳು ಬಂದ್ಲು, ಆಕಿಗೂ ಹೊಡದ್ರು. ಆಮ್ಯಾಲೆ ಆಕಿ ಇವರಿಗೆ ಹೊಡದ್ಲು. ಹಂಗ ಬರಕೋರಿ ಬಾಯಾರ."

"ಮಥುರಾ!" ಮಾಸ್ತರರು ಮಂಚದ ಮೇಲಿಂದ ಗದರಿದರು.

ಅಭ್ಯಾಸಕ್ಕೆ ಅವಳ ಹೆಗಲು ಒಮ್ಮೆ ಕುಗ್ಗಿತು. ಆದರೆ ಬಾಯಿ ನಿಲ್ಲಲಿಲ್ಲ. "ಇವತ್ತಿನದಷ್ಟ ಅಲ್ರಿ. ನಲವತ್ತೊಂದು ವರ್ಷದ್ದು ಹೇಳ್ತೇನಿ. ನಿಮಗ ತಾಸು ಹಿಡಿತದ. ಬರಕೋತೀರೇನು?"

ಮುಬಶೀರಾ ಪೆನ್ನು ಕೆಳಗಿಟ್ಟು, ಮೊದಲು ಅವಳನ್ನು ಕೂಡಿಸಿ ಹಣೆಗೆ ನಾಲ್ಕು ಹೊಲಿಗೆ ಹಾಕಿದಳು. ಆಮೇಲೆ ಬರೆದುಕೊಂಡಳು. ಸಂಜೆಗೆ ಪೊಲೀಸರೂ ಬಂದು ಬರೆದುಕೊಂಡರು. ತೃಪ್ತಿಯದೂ ಬರೆದುಕೊಂಡರು. ಅಂದು ಸಂಜೆ ಓಡಿ ಬಂದ ಮಿಲಿಂದ ಎಲ್ಲವನ್ನೂ ಮೊದಲ ಸಲ ಕೇಳಿದ. ಗೌತಮಿಯನ್ನು ಎದೆಗೆ ಹಾಕಿಕೊಂಡು ದವಾಖಾನೆಯ ಅಂಗಳದಲ್ಲಿ ಅತ್ತಿಂದಿತ್ತ ಅಡ್ಡಾಡಿದ.

ಬಿಡುಗಡೆಯ ದಿನ, ಭಾನುವಾರ ಬೆಳಿಗ್ಗೆ, ಮಥುರಾಬಾಯಿ, "ಬಾಗಲಕೋಟಿಗೆ ಹೋಗೂಣು," ಎಂದಳು. ಬೇಡವೆಂದರೆ ಕೇಳದೆ ತೃಪ್ತಿಯನ್ನು ಕರೆದುಕೊಂಡು ಹೊರಟಳು.

ಶೀಲಾಳ ಮಹಡಿಯ ಕೋಣೆಯಲ್ಲಿ ಮೂವತ್ತೂ ಬೆಕ್ಕುಗಳು ಗೋಡೆಯ ಮೇಲಿದ್ದವು. ಮಕ್ಕಳು ಬರಲು ಇನ್ನೂ ಎರಡು ತಾಸು ಇತ್ತು. ಶೀಲಾ ಬಲೂನು ಕಟ್ಟುತ್ತಿದ್ದವಳು ಮಥುರಾಬಾಯಿಯ ಹಣೆಯ ಪಟ್ಟಿ ನೋಡಿ ಗಾಬರಿಯಾದಳು. "ಸರ್ರು ಬಚ್ಚಲದಾಗ ಬಿದ್ರು ಅಂತ ಅವರ ತಮ್ಮ ಫೋನ್ ಮಾಡಿದ್ರು. ನೀವೂ ಬಿದ್ರೇನ್ರಿ ಅಮ್ಮಾ?"

ಮಥುರಾಬಾಯಿ ಗೋಡೆಯ ಗುಂಟ ನಡೆದಳು. ಇಳಕಲ್ ಸೀರೆಯ ಬೆಕ್ಕಿನ ಮುಂದೆ ನಿಂತಳು.

"ಇದು ನಾ. ದೀಪಾವಳಿ ಪಾಡ್ಯಾದ ದಿನಾ. ಹಿತ್ತಾಳಿ ತಂಬಗಿಲೆ ಹೊಡದಿದ್ರು. ಹನ್ನೊಂದು ದಿನಾ ಕಣ್ಣು ಬಿಡಲಿಕ್ಕೆ ಬರಲಿಲ್ಲ." ಬೆರಳನ್ನು ಚಿತ್ರಕ್ಕೆ ತಾಗಿಸದೆ ತೋರಿಸಿದಳು. "ನೀವೆಲ್ಲಾ ಕಣ್ಣು ಹೊಡಿತದ ಅಂತೀರಿ. ಕಣ್ಣು ಹೊಡದದ್ದಲ್ಲವ್ವಾ. ಕಣ್ಣಿಗೆ ಹೊಡದದ್ದು."

ಆಮೇಲೆ ಮುಂದಿನದು, ಅದರ ಮುಂದಿನದು. ಒರಳು ತೃಪ್ತಿ. ಗಡಿಗೆಯ ಹಿಂದಿನದು ತೃಪ್ತಿ, ಐದು ವರ್ಷದವಳು. ಮಥುರಾಬಾಯಿ ಅಳಲಿಲ್ಲ, ಧ್ವನಿ ಏರಿಸಲಿಲ್ಲ. ಹಬ್ಬದ ದಿನ, ಪರೀಕ್ಷೆಯ ದಿನ, ಯಾರೋ ಊಟಕ್ಕೆ ಬಂದುಹೋದ ದಿನ ಎಂದು ಗುರುತು ಹೇಳುತ್ತ ಹೋದಳು. ಹದಿನೇಳನೆಯದಕ್ಕೆ ಶೀಲಾ ಕುರ್ಚಿಯ ಮೇಲೆ ಕುಸಿದಳು.

"ನಾ ನಿಮ್ಮ ಮುಂದನ ನಕ್ಕಿದ್ನೆಲ್ರಿ ಅಮ್ಮಾ."

"ನಿಮಗೇನು ಗೊತ್ತು. ನಗಲಿ ಅಂತನ ತಗದಿದ್ರು ಅವರು."

ಮೂವರೂ ಕೂಡಿ ಚಿತ್ರಗಳನ್ನು ಇಳಿಸಿದರು. ಮಕ್ಕಳು ಬಂದಾಗ ಶೀಲಾ ಕಾರ್ಯಕ್ರಮ ಇಲ್ಲವೆಂದು ಹೇಳಿ, ಒಂದು ಕಥೆ ಓದಿ, ಫಳಾರ ಕೊಟ್ಟು ಕಳಿಸಿದಳು. ಚಿತ್ರಗಳ ಕಟ್ಟು ತೃಪ್ತಿಯ ಕೈಗೆ ಬಂತು. "ಸುಡೋಣೇನಮ್ಮಾ?" ಎಂದು ಕೇಳಿದ್ದಕ್ಕೆ ಮಥುರಾಬಾಯಿ, "ಸುಟ್ರ ಹೊಡದೇ ಇಲ್ಲ ಅಂತಾರ. ಇರಲಿ," ಎಂದಳು. ಪುಸ್ತಕವನ್ನಂತೂ ಯಾರಿಂದಲೂ ನಿಲ್ಲಿಸಲು ಆಗಲಿಲ್ಲ. ಅದು ಅಷ್ಟೊತ್ತಿಗೆ ಅಂಗಡಿಗಳಿಗೆ ಹೋಗಿಬಿಟ್ಟಿತ್ತು. ಶೀಲಾ ಪ್ರಕಾಶಕರಿಗೆ ಎರಡು ಕಾಗದ ಬರೆದಳು, ಉತ್ತರ ಬರಲಿಲ್ಲ. ಪುಸ್ತಕ ಈಗಲೂ ಮಾರಾಟವಾಗುತ್ತದೆ.

ಪೊಲೀಸರು ಎರಡೂ ಕಡೆಯವರನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ಮಾಸ್ತರರನ್ನು ಚೊಳಚಗುಡ್ಡದಲ್ಲಿದ್ದ ಅವರ ತಮ್ಮ ಪಂಢರೀನಾಥ ಕರೆದೊಯ್ದ. ಮಣಿಕಟ್ಟು ಸೊಟ್ಟಾಗಿ ಕೂಡಿತು, ಪೆನ್ಸಿಲ್ಲು ನಿಲ್ಲುವುದಿಲ್ಲ ಎಂದು ಸುದ್ದಿ ಬಂತು. ಕೇಳಿದಾಗ ತೃಪ್ತಿಗೆ ಸಂತೋಷವಾಗಲಿಲ್ಲ. ದುಃಖವೂ ಆಗಲಿಲ್ಲ. ಮೊದಲ ಎರಡು ಏಟು ಮಗಳ ಸಲುವಾಗಿ ಹೊಡೆದದ್ದು ಎಂದು ಅವಳು ಮಿಲಿಂದನಿಗೆ ಹೇಳಿದಳು. ಉಳಿದವು ಯಾರ ಸಲುವಾಗಿ ಎಂದು ಅವನು ಕೇಳಲಿಲ್ಲ.

ಮಥುರಾಬಾಯಿ ಕೆರೂರಿಗೆ ಬಂದು ಮಗಳ ಮನೆಯಲ್ಲಿ ಉಳಿದಳು. ಗೌತಮಿ ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಿದ್ದಳು. ತಾಯಿ ಕರೆದರೆ ಬರುತ್ತಿದ್ದಳು, ಆದರೆ ಒಂದು ಮಾರು ದೂರ ನಿಲ್ಲುತ್ತಿದ್ದಳು.

ಒಂದು ಮುಂಜಾನೆ ತೃಪ್ತಿ ಮಾಳಿಗೆಯ ಮೇಲೆ ಅರಿವೆ ಒಣಹಾಕುತ್ತಿದ್ದಳು. ಹಗ್ಗ ಎತ್ತರದಲ್ಲಿತ್ತು. ಕೈ ಎತ್ತಿದಳು. ಹಿಂದೆ ನಿಂತಿದ್ದ ಗೌತಮಿ ತಟ್ಟನೆ ಕೂತು ತಲೆ ಮುಚ್ಚಿಕೊಂಡಳು.

ತೃಪ್ತಿ ಒದ್ದೆ ಸೀರೆಯನ್ನು ಬುಟ್ಟಿಗೆ ಹಾಕಿ, ಇದ್ದಲ್ಲೇ ನೆಲದ ಮೇಲೆ ಕೂತಳು. ಹತ್ತಿರ ಹೋಗಲಿಲ್ಲ.

"ನಾ ನಿನಗ ಹೊಡ್ಯಂಗಿಲ್ಲ, ಗೌತಮಿ."

"ಅಜ್ಜಗ ಹೊಡದ್ಯಲ್ಲ."

"ಹೌದು. ಹೊಡದೆ."

"ಭಾಳ ಹೊಡದಿ."

"ಹೌದವ್ವಾ. ಭಾಳ ಹೊಡದೆ. ನಿಲ್ಲಸಬೇಕಾಗಿತ್ತು, ನನಗ ನಿಲ್ಲಸಲಿಕ್ಕೆ ಬರಲಿಲ್ಲ."

ಗೌತಮಿ ಬೆರಳ ಸಂದಿಯಿಂದ ನೋಡಿದಳು. "ಅಜ್ಜಿ ಹಿಡಕೊಂಡ್ಲು."

"ಅಜ್ಜಿ ಹಿಡಕೊಂಡ್ಲು. ಇನ್ನ ನಾನ ಹಿಡಕೋತೇನಿ ನನ್ನ ಕೈ."

ಕೆಳಗೆ ರಸ್ತೆಯಲ್ಲಿ ಸಂತೆಗೆ ಹೋಗುವ ಟಂಟಂಗಳು ಹಾರ್ನು ಹೊಡೆಯುತ್ತಿದ್ದವು. ಬಿಸಿಲು ಏರುತ್ತಿತ್ತು. ಬಹಳ ಹೊತ್ತಿನ ಮೇಲೆ ಗೌತಮಿ ಎದ್ದು, ಕ್ಲಿಪ್ಪಿನ ಡಬ್ಬಿ ತೆಗೆದುಕೊಂಡು, ಒಂದು ಕ್ಲಿಪ್ಪನ್ನು ತಾಯಿಯ ಕಡೆಗೆ ನೆಲದ ಮೇಲೆ ಉರುಳಿಸಿದಳು. ತೃಪ್ತಿ ಅದನ್ನು ಎತ್ತಿಕೊಂಡು, ಮಗಳಿಗೆ ಕಾಣುವ ಹಾಗೆ ಮೆಲ್ಲಗೆ ಕೈ ಎತ್ತಿ, ಸೀರೆಯ ಒಂದು ತುದಿಯನ್ನು ಹಗ್ಗಕ್ಕೆ ಸಿಕ್ಕಿಸಿದಳು. ಎರಡನೆಯ ಕ್ಲಿಪ್ಪು ಉರುಳಿ ಬಂತು.